ಉದ್ದದ ಪದ, ಅಡಗಿದ ಅಕ್ಷರ

ಕಾಲೇಜಿನ ಯಾವುದಾದರೂ ಸಭೆಯಲ್ಲಿ ವಿದ್ಯಾರ್ಥಿಯೊಬ್ಬ ವೇದಿಕೆಗೆ ಬಂದು ‘ನ್ಯೂಮೊನೊಅಲ್ಟ್ರಾಮೈಕ್ರೊಸ್ಕಾಪಿಕ್‌ಸಿಲಿಕೊವಾಲ್ಕೆನೊಕೋನಿಯೋಸಿಸ್’ ಎಂಬ ಪದವನ್ನು ಎಲ್ಲಿಯೂ ತಡವರಿಸದೆ ಒಪ್ಪಿಸಿದನೆಂದರೆ ಚಪ್ಪಾಳೆ ಖಂಡಿತ. ಇಂಗ್ಲಿಷಿನ ದೊಡ್ಡ ನಿಘಂಟುಗಳಲ್ಲಿ ಸೇರಿರುವ ಪದಗಳ ಪೈಕಿ ಅತಿ ಉದ್ದವಾದದ್ದೆಂಬ ಹೆಸರು ಅದಕ್ಕಿದೆ. ಅದರ ಅಕ್ಷರಗಳು 45. ಜ್ವಾಲಾಮುಖಿಯಿಂದ ಹೊರಟ ಅತಿಸೂಕ್ಷ್ಮ ಸಿಲಿಕಾ ಧೂಳನ್ನು ಉಸಿರಾಡುವುದರಿಂದ ಬರುವ ಶ್ವಾಸಕೋಶದ ರೋಗವೆಂದು ಅರ್ಥವನ್ನೂ ಹೇಳಿಬಿಟ್ಟರೆ ಸಭೆ ಇನ್ನಷ್ಟು ಬೆರಗಾಗುತ್ತದೆ. ಅದೇ ವೇದಿಕೆಯ ಮೇಲೆ ಕನ್ನಡ ಐಚ್ಛಿಕದ ವಿದ್ಯಾರ್ಥಿಯೊಬ್ಬಳು ಹಳಗನ್ನಡದ ವೃತ್ತವೊಂದನ್ನು ಯತಿಗತಿ ಕೆಡದಂತೆ ಓದಿದರೆ ಅಷ್ಟು ಚಪ್ಪಾಳೆ ಬೀಳುವುದು ಅನುಮಾನ.

ಬೆರಗಿಗೆ ಕಾರಣವಾದ ಈ ಪದದ ಜಾತಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಯಾವ ವೈದ್ಯನ ಅಗತ್ಯದಿಂದಲೂ ಹುಟ್ಟಿದ್ದಲ್ಲ. ಅಮೆರಿಕದ ‘ನ್ಯಾಷನಲ್ ಪಝ್ಲರ್ಸ್ ಲೀಗ್’ ಎಂಬ ಒಗಟುಗಾರರ ಸಂಘದ ಅಧ್ಯಕ್ಷನಾಗಿದ್ದ ಎವರೆಟ್ ಸ್ಮಿತ್ 1935ರಲ್ಲಿ, ಉದ್ದವಾಗಿರಬೇಕೆಂಬ ಒಂದೇ ಉದ್ದೇಶದಿಂದ, ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಪೋಣಿಸಿ ಇದನ್ನು ಕಟ್ಟಿದ. ಪತ್ರಿಕೆಯಲ್ಲಿ ಅಚ್ಚಾಯಿತು, ಜನ ಆಡಿಕೊಂಡರು, ಕೊನೆಗೆ ನಿಘಂಟುಕಾರರು ಒಳಗೆ ಬಿಟ್ಟುಕೊಂಡರು. ರೋಗಿಯ ಮುಂದೆ ಕುಳಿತ ವೈದ್ಯರು ‘ಸಿಲಿಕೋಸಿಸ್’ ಎಂದಷ್ಟೇ ಹೇಳಿ ಮುಗಿಸುತ್ತಾರೆ. ಚಪ್ಪಾಳೆ ಗಿಟ್ಟಿಸುವುದಕ್ಕೆಂದೇ ಹುಟ್ಟಿದ ಪದಕ್ಕೆ ಚಪ್ಪಾಳೆ ಸಿಕ್ಕಿದರೆ ಅದರಲ್ಲಿ ಆಶ್ಚರ್ಯವಿಲ್ಲ, ಸಂಪಾದನೆಯೂ ಇಲ್ಲ.

ಹೀಗೆಂದ ಮಾತ್ರಕ್ಕೆ ಇಂಗ್ಲಿಷಿನ ಪದಬೇಟೆಯೇ ಹುರುಳಿಲ್ಲದ್ದೆಂದು ತಳ್ಳಿಹಾಕುವುದು ಸರಿಯಲ್ಲ. ಇಂತಿಂಥ ಅಕ್ಷರಗಳನ್ನು ಹೊತ್ತ ಪದ ಯಾವುದು, ಅವುಗಳಲ್ಲಿ ಉದ್ದವಾದದ್ದು ಯಾವುದು ಎಂದು ಹುಡುಕುವ ಹವ್ಯಾಸಕ್ಕೆ ಅಲ್ಲಿ ಒಂದು ಗಟ್ಟಿಯಾದ ಪರಂಪರೆಯಿದೆ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಚೌಕುಳಿ ಒಗಟು ಪದಬಂಧವಾಗಿ ಜಗತ್ತನ್ನೇ ಸುತ್ತಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳನ್ನು ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿದ. ಆ ಎಣಿಕೆಯೇ ಮುಂದೆ ‘ಸ್ಕ್ರ್ಯಾಬಲ್’ ಆಟವಾಯಿತು. ಅದರ 100 ಬಿಲ್ಲೆಗಳಲ್ಲಿ ‘ಇ’ ಅಕ್ಷರಕ್ಕೆ 12. ‘ಕ್ಯೂ’ಗೆ, ‘ಝಡ್’ಗೆ ಒಂದೊಂದೇ, ಅವುಗಳ ಬೆಲೆ 10 ಅಂಕ. ‘ಎಸ್’ ಇಂಗ್ಲಿಷಿನಲ್ಲಿ ಹೇರಳವಾಗಿದ್ದರೂ ಬಟ್ಸ್ ಅದಕ್ಕೆ ನಾಲ್ಕೇ ಬಿಲ್ಲೆ ಕೊಟ್ಟ. ಯಾವ ನಾಮಪದದ ಬಾಲಕ್ಕಾದರೂ ಅದನ್ನು ಅಂಟಿಸಿ ಬಹುವಚನ ಮಾಡಿಬಿಡಬಹುದು, ಹಾಗಾದರೆ ಆಟದ ರುಚಿ ಕೆಡುತ್ತದೆ ಎಂಬ ಎಚ್ಚರ ಅದರ ಹಿಂದಿತ್ತು. ಭಾಷೆಯ ವ್ಯಾಕರಣವನ್ನು ಅರಿತವನ ಎಚ್ಚರ ಅದು.

ಈ ಹವ್ಯಾಸಕ್ಕೆ ಶಾಸ್ತ್ರದ ಗಾಂಭೀರ್ಯ ತಂದವರಲ್ಲಿ ಡಿಮಿಟ್ರಿ ಬೋರ್ಗ್‌ಮನ್ ಮುಖ್ಯ. ಅವನ ‘ಲ್ಯಾಂಗ್ವೇಜ್ ಆನ್ ವೆಕೇಷನ್’ 1965ರಲ್ಲಿ ಬಂತು. 1968ರಲ್ಲಿ ‘ವರ್ಡ್ ವೇಸ್’ ಎಂಬ ಪತ್ರಿಕೆ ಅವನ ಸಂಪಾದಕತ್ವದಲ್ಲಿ ಆರಂಭವಾಯಿತು. ಆ ಕಾಲದ ಹುಡುಕಾಟವೆಲ್ಲ ಕಣ್ಣು, ಕೈ, ತಾಳ್ಮೆಗಳದ್ದು. ನಿಘಂಟಿನ ಪುಟಗಳನ್ನು ಸಾಲುಸಾಲಾಗಿ ಓದಿ ಚೀಟಿ ಬರೆದುಕೊಳ್ಳಬೇಕಿತ್ತು. ಈಗ ಗಣಕಯಂತ್ರಕ್ಕೆ ಪದಪಟ್ಟಿಯನ್ನು ಕೊಟ್ಟು ‘ಗ್ರೆಪ್’ ಎಂಬ ಆಜ್ಞೆಯೊಂದನ್ನು ಬರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ. ಸಿಕ್ಕಿದ್ದು ಏನು ಎಂದು ಯೋಚಿಸುವ ಕೆಲಸ ಮಾತ್ರ ಇನ್ನೂ ಮನುಷ್ಯನ ಪಾಲಿಗೇ ಉಳಿದಿದೆ.

ಹಾಗೆ ಯೋಚಿಸಿದವರಿಗೆ ಹಿಡಿಸಿದ ಪದಗಳು ರಾಕ್ಷಸಾಕಾರದವಲ್ಲ. ದಿನನಿತ್ಯ ಬಾಯಲ್ಲಿ ಹೊರಳುತ್ತಿದ್ದರೂ ಯಾರ ಕಣ್ಣಿಗೂ ಬೀಳದೆ ಇದ್ದಂಥವು. ಬಲಗಳು ಎಂಬ ಅರ್ಥದ ‘ಸ್ಟ್ರೆಂಗ್ತ್ಸ್’ ಪದದಲ್ಲಿ ಒಂಬತ್ತು ಅಕ್ಷರಗಳು, ಸ್ವರ ಒಂದೇ. ‘ಬುಕ್‌ಕೀಪರ್’ ಪದದ ನಡುವೆ ಎರಡು ‘ಓ’, ಎರಡು ‘ಕೆ’, ಎರಡು ‘ಇ’ ಜೋಡಿಜೋಡಿಯಾಗಿ ಸಾಲುಗಟ್ಟಿವೆ. ‘ಫೆಸೀಷಿಯಸ್ಲಿ’ ಪದದಲ್ಲಿ ‘ಎ, ಇ, ಐ, ಓ, ಯು’ ಐದೂ ವರ್ಣಮಾಲೆಯ ಕ್ರಮದಲ್ಲೇ ಒಂದೊಂದು ಸಲ ಬಂದು, ಕೊನೆಗೆ ‘ವೈ’ ಕೂಡ ಹಿಂಬಾಲಿಸುತ್ತದೆ. ಇದೇ ಸಾಲನ್ನು ತಿರುವುಮುರುವಾಗಿ, ‘ಯು’ದಿಂದ ‘ಎ’ವರೆಗೆ, ಹೊತ್ತ ಪದವೊಂದಿದೆ: ‘ಸಬ್‌ಕಾಂಟಿನೆಂಟಲ್’. ಉಪಖಂಡದವರೆಂದು ಕರೆಸಿಕೊಳ್ಳುವ ನಮ್ಮ ಜನ ಈ ಪದವನ್ನು ಎಷ್ಟು ಸಾವಿರ ಸಲ ಓದಿದ್ದಾರೋ! ಇನ್ನು ‘ಅನ್‌ಕಾಪಿರೈಟಬಲ್’ ಪದದಲ್ಲಿ ಹದಿನೈದು ಅಕ್ಷರಗಳಿದ್ದು ಒಂದೂ ಮರುಕಳಿಸುವುದಿಲ್ಲ.

ಈ ಪದಗಳ ಬೆಲೆ ಇರುವುದು ದಾಖಲೆಯಲ್ಲಲ್ಲ. ಅಕ್ಷರಗಳ ವಿಚಿತ್ರವಾದ ಜೋಡಣೆ ಪದದ ಪೂರ್ವಕಥೆಯನ್ನು ಬಾಯಿಬಿಡಿಸುತ್ತದೆ ಎಂಬುದರಲ್ಲಿದೆ. ‘ರಿದಮ್’ ಪದವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಎ, ಇ, ಐ, ಓ, ಯು’ ಒಂದೂ ಬೇಡ. ಬಹುವಚನದ ‘ಎಸ್’ ಸೇರಿದರೆ ಏಳು ಅಕ್ಷರ. ಹಾಗೇಕೆಂದು ಕೇಳಿದರೆ ಅಲ್ಲಿ ‘ವೈ’ ಸ್ವರದ ಕೆಲಸ ಮಾಡುತ್ತಿದೆ. ಅದು ಗ್ರೀಕ್ ಭಾಷೆಯ ‘ಉಪ್ಸಿಲಾನ್’ ಇದ್ದ ಜಾಗ. ‘ಆರ್’ ಬೆನ್ನಿಗೆ ಕಾರಣವಿಲ್ಲದೆ ಅಂಟಿಕೊಂಡಂತಿರುವ ‘ಎಚ್’ ಕೂಡ ಗ್ರೀಕಿನ ಉಸಿರಿನ ಗುರುತು. ‘ಕ್ಯೂ’ ಬಂದ ಕಡೆ ‘ಯು’ ಹಿಂದೆಯೇ ಬರಬೇಕೆಂಬುದು ಇಂಗ್ಲಿಷ್ ಮಕ್ಕಳು ಕಲಿಯುವ ಮೊದಲ ನಿಯಮಗಳಲ್ಲೊಂದು. ಆ ನಿಯಮ ಮುರಿದ ಪದಗಳನ್ನು ಹುಡುಕಿ ತೆಗೆದರೆ ಸಾಲುಗಟ್ಟಿ ಬರುವವು ಯಾವುವು? ‘ಕವ್ವಾಲಿ’, ‘ಬುರ್ಖಾ’, ‘ನಿಕಾಬ್’. ಅರಬ್ಬಿ ಭಾಷೆಯ ಕಂಠಮೂಲದ ಒಂದು ಧ್ವನಿಗೆ ಗುರುತಾಗಿ ಬರಿಯ ‘ಕ್ಯೂ’ ನಿಂತಿದೆ. ಹೊರಗಿನಿಂದ ಬಂದ ಪದ ಕೊರಳಿಗೆ ಚೀಟಿ ಕಟ್ಟಿಕೊಂಡೇ ಓಡಾಡುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸತಕ್ಕದ್ದು ಸತ್ತ ಅಕ್ಷರಗಳನ್ನು. ‘ಅನ್‌ಕಾಪಿರೈಟಬಲ್’ ಪದದ ಹದಿನೈದರಲ್ಲಿ ‘ಜಿ’, ‘ಎಚ್’ ಎರಡಕ್ಕೂ ಉಚ್ಚಾರಣೆಯಿಲ್ಲ. ಅವಿಲ್ಲದಿದ್ದರೆ ಆ ದಾಖಲೆಯೂ ಇಲ್ಲ! ‘ರೈಟ್’, ‘ನೈಟ್’, ‘ಲೈಟ್’ ಮೊದಲಾದವುಗಳ ನಡುವೆ ಒಂದು ಕಾಲಕ್ಕೆ ಗಂಟಲಿನಿಂದ ಹೊರಡುತ್ತಿದ್ದ ಉಜ್ಜುಧ್ವನಿಯೊಂದಿತ್ತು. ನಾಲಗೆ ಅದನ್ನು ಬಿಟ್ಟಿತು, ಲೇಖನಿ ಬಿಡಲಿಲ್ಲ. ‘ಸ್ಟ್ರೆಂಗ್ತ್ಸ್’ ಪದದಲ್ಲಿ ‘ಟಿ’, ‘ಎಚ್’ ಎರಡೂ ಸೇರಿ ಸೂಚಿಸುವುದು ಒಂದೇ ಧ್ವನಿಯನ್ನು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಥಾರ್ನ್’ ಎಂಬ ಸ್ವಂತ ಅಕ್ಷರವೇ ಇತ್ತು, ಆಮೇಲೆ ಬಳಕೆ ತಪ್ಪಿತು. ‘ಕ್ಯಾಚ್‌ಫ್ರೇಸ್’ ನಡುವೆ ಆರು ವ್ಯಂಜನಾಕ್ಷರಗಳು ಒತ್ತೊತ್ತಾಗಿ ನಿಂತಿವೆ, ಕಿವಿಗೆ ಬೀಳುವ ವ್ಯಂಜನಗಳು ಮಾತ್ರ ಮೂರು. ಇಂಗ್ಲಿಷಿನ ಪದಬೇಟೆ ಇಷ್ಟು ಸ್ವಾರಸ್ಯಕರವಾಗಿರುವುದಕ್ಕೆ ಕಾರಣ ಇದೇ. ಆ ಭಾಷೆಯ ಬರೆಹಕ್ಕೂ ಮಾತಿಗೂ ನಡುವೆ ಕೆಲವು ಶತಮಾನಗಳ ಅಂತರ ಬಿದ್ದಿದೆ. ಬೇಟೆಗಾರ ಓಡಾಡುವುದು ಆ ಅಂತರದಲ್ಲಿ.

ಬೇಟೆಯ ಹುಚ್ಚು ತಲೆಗೇರಿದರೆ ಆಗುವ ಅನಾಹುತಕ್ಕೂ ಒಂದು ಉದಾಹರಣೆಯಿದೆ. ಷೇಕ್ಸ್‌ಪಿಯರನ ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ವಿದೂಷಕ ಪಾತ್ರವೊಂದು ‘ಹೊನೊರಿಫಿಕಾಬಿಲಿಟುಡಿನಿಟಾಟಿಬುಸ್’ ಎಂಬ ಲ್ಯಾಟಿನ್ ಪದವನ್ನು ಉದುರಿಸುತ್ತದೆ. 27 ಅಕ್ಷರಗಳ ಈ ಪದ ಪಂಡಿತರ ಆಡಂಬರವನ್ನು ಲೇವಡಿ ಮಾಡಲೆಂದೇ ಅಲ್ಲಿರುವುದು. ಆದರೆ 1910ರಲ್ಲಿ ಎಡ್ವಿನ್ ಡರ್ನಿಂಗ್-ಲಾರೆನ್ಸ್ ಎಂಬಾತ ಅದರ ಅಕ್ಷರಗಳನ್ನು ಕಲಸಿ, ಬೇರೆ ಕ್ರಮದಲ್ಲಿ ಜೋಡಿಸಿ, ಈ ನಾಟಕಗಳೆಲ್ಲ ಫ್ರಾನ್ಸಿಸ್ ಬೇಕನ್ನನ ಕೂಸುಗಳೆಂದು ಸಾರುವ ಲ್ಯಾಟಿನ್ ವಾಕ್ಯವೊಂದನ್ನು ಹೊರತೆಗೆದ. ಷೇಕ್ಸ್‌ಪಿಯರನೇ ಬೇಕನ್ ಎಂದು ಪುಸ್ತಕವನ್ನೂ ಬರೆದ. 27 ಅಕ್ಷರಗಳನ್ನು ಕಲಸುವ ಸ್ವಾತಂತ್ರ್ಯ ಕೊಟ್ಟರೆ ಯಾರು ಏನನ್ನು ಬೇಕಾದರೂ ಓದಿಕೊಳ್ಳಬಹುದು. ಅಕ್ಷರಗಳ ಸಾಕ್ಷ್ಯವನ್ನು ಒಪ್ಪುವ ಮುನ್ನ ಚರಿತ್ರೆಯ ಸಾಕ್ಷ್ಯವನ್ನೂ ಕೇಳಬೇಕು ಎಂಬ ವಿವೇಕ ಅವನಿಗೆ ಇರಲಿಲ್ಲ.

ಇನ್ನು, ಈ ಆಟವನ್ನು ಕನ್ನಡದಲ್ಲಿ ಆಡಬಹುದೇ? ಪದಬಂಧವಂತೂ ಕನ್ನಡದ ಪತ್ರಿಕೆಗಳಲ್ಲಿ ಎಂದೋ ನೆಲೆಯೂರಿದೆ. ಆದರೆ ‘ಅತಿ ಉದ್ದದ ಕನ್ನಡ ಪದ ಯಾವುದು?’ ಎಂದು ರಸಪ್ರಶ್ನೆಯ ಸ್ಪರ್ಧೆಗಳಲ್ಲಿ ಕೇಳುವವರು ಇಂಗ್ಲಿಷಿನ ಅಂಗಿಯನ್ನು ಅಳತೆ ತೆಗೆಯದೆ ಕನ್ನಡಕ್ಕೆ ತೊಡಿಸುತ್ತಿದ್ದಾರೆ ಎನ್ನಬೇಕು. ‘ಹೋಗಬೇಕಾಗಿಲ್ಲದಿದ್ದುದರಿಂದ’ ಎಂದು ಹಳ್ಳಿಯ ಅಜ್ಜಿಯೂ ಸಲೀಸಾಗಿ ಹೇಳುತ್ತಾಳೆ. ಹನ್ನೊಂದು ಅಕ್ಷರಗಳ ಆ ಒಂದು ಪದವನ್ನು ಇಂಗ್ಲಿಷಿನಲ್ಲಿ ಹೇಳಲು ಇಡಿಯ ಉಪವಾಕ್ಯವೇ ಬೇಕು. ಅಂಟುತ್ತಾ ಹೋಗುವ ಭಾಷೆಯಲ್ಲಿ ಉದ್ದಕ್ಕೆ ಕೊನೆಯಿಲ್ಲ, ಆದ್ದರಿಂದ ಅದಕ್ಕೆ ಪದಕವೂ ಇಲ್ಲ. ಸಮಾಸದ ಮಾತೆತ್ತಿದರೆ ಇಂಗ್ಲಿಷಿನ 45 ಅಕ್ಷರಗಳ ಪದ ಕೂಸಿನಂತೆ ಕಾಣುತ್ತದೆ. ವಿಜಯನಗರದ ರಾಣಿ ತಿರುಮಲಾಂಬೆ 16ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ವರದಾಂಬಿಕಾ ಪರಿಣಯ ಚಂಪೂ’ವಿನಲ್ಲಿ ಕಂಚಿಯ ಕಡೆಯ ನಾಡನ್ನು ವರ್ಣಿಸುವ ಸಮಾಸವೊಂದಿದೆ. ಜಗತ್ತಿನ ಅತಿ ಉದ್ದದ ಪದವೆಂದು ಗಿನ್ನೆಸ್ ದಾಖಲೆ ಅದನ್ನು ಗುರುತಿಸಿದೆ. ಆ ದಾಖಲೆಯ ಲೆಕ್ಕದಲ್ಲಿ ಅದು 195 ಅಕ್ಷರಗಳ ಪದ. ರೋಮನ್ ಲಿಪಿಗೆ ಇಳಿಸಿದರೆ ಅದೇ ಪದ 428 ಅಕ್ಷರಗಳಾಗುತ್ತದೆ.

ಒಂದೇ ಪದ, ಎರಡು ಲೆಕ್ಕ. ಇಲ್ಲಿ ಐಚ್ಛಿಕ ಕನ್ನಡದ ವಿದ್ಯಾರ್ಥಿ ನಿಂತು ಯೋಚಿಸಬೇಕು. ಇಂಗ್ಲಿಷಿನ ‘ಲೆಟರ್’ ಎಂಬುದನ್ನು ಅಕ್ಷರವೆಂದು ಅನುವಾದಿಸಿಕೊಂಡು ಬಂದಿದ್ದೇವೆ, ಅವೆರಡೂ ಒಂದಲ್ಲ. ಕನ್ನಡದ ಅಕ್ಷರ ಸ್ವರವನ್ನು ಮಡಿಲಲ್ಲಿ ಇಟ್ಟುಕೊಂಡ ಉಚ್ಚಾರದ ಘಟಕ. ಮೇಲೆ ಹೇಳಿದ ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದೊಡನೆ ಅವುಗಳ ಚಮತ್ಕಾರ ಮಾಯವಾಗುವುದು ಇದಕ್ಕಾಗಿಯೇ. ‘ಬುಕ್‌ಕೀಪರ್’ ಎಂದು ಬರೆದರೆ ಜೋಡಿ ಅಕ್ಷರಗಳು ಕಾಣೆ. ‘ರಿದಮ್’ ಎಂದರೆ ಇಲ್ಲದ ಸ್ವರಗಳು ಬಂದು ಕುಳಿತವು. ಒಂಬತ್ತು ಬಿಡಿ ಅಕ್ಷರಗಳ ‘ಸ್ಟ್ರೆಂಗ್ತ್ಸ್’ ಕನ್ನಡದಲ್ಲಿ ಒಂದು ಅಕ್ಷರ, ಅದರ ಬೆನ್ನಿಗೆ ಅರ್ಧಾಕ್ಷರಗಳ ಒಂದು ಗಂಟು. ತಮಾಷೆಯೆಂದರೆ ಷೇಕ್ಸ್‌ಪಿಯರನ ಆ 27 ಅಕ್ಷರಗಳ ಪದ ಕನ್ನಡದಲ್ಲಿ ಒಂದೂ ಒತ್ತಿಲ್ಲದೆ ಗುಣಿತಾಕ್ಷರಗಳ ಸಾಲಾಗಿ ಹರಿಯುತ್ತದೆ. ವ್ಯಂಜನ, ಸ್ವರ, ವ್ಯಂಜನ, ಸ್ವರ ಎಂದು ಕೊನೆಯವರೆಗೂ ತಪ್ಪದೆ ಸಾಗುವ ಪದ ಅದು. ಇಂಗ್ಲಿಷರಿಗೆ ಅದೊಂದು ಅಪೂರ್ವ ಲಕ್ಷಣ. ಕಾಗುಣಿತ ಕಲಿತ ಮಗುವಿಗೆ ಅದು ಸಹಜ ನಡಿಗೆ.

ಯಂತ್ರಕ್ಕೆ ಈ ಭೇದ ತಿಳಿಯದು. ‘ಸ್ತ್ರೀ’ ಎಂಬ ಏಕಾಕ್ಷರ ಪದ ಗಣಕದ ಯೂನಿಕೋಡ್ ಎಣಿಕೆಯಲ್ಲಿ ಆರು: ಸಕಾರ, ತಕಾರ, ರಕಾರ, ನಡುವೆ ಎರಡು ವಿರಾಮಚಿಹ್ನೆಗಳು, ಕೊನೆಗೆ ಈಕಾರದ ಚಿಹ್ನೆ. ಮೂರಕ್ಷರದ ‘ಸ್ವಾತಂತ್ರ್ಯ’ ಅಲ್ಲಿ ಹನ್ನೊಂದು. ಇಂಗ್ಲಿಷಿಗಾಗಿ ಮಾಡಿದ ಹುಡುಕುವ ಸಲಕರಣೆಯನ್ನು ಹಾಗೆಯೇ ತಂದು ‘ಆರಕ್ಷರದ ಕನ್ನಡ ಪದಗಳನ್ನು ಕೊಡು’ ಎಂದರೆ ಅದು ‘ಸ್ತ್ರೀ’ಯನ್ನೂ ಮುಂದೆ ತಂದು ನಿಲ್ಲಿಸುತ್ತದೆ. ಎಣಿಸುವ ಮೊದಲು ಅಕ್ಷರವೆಂದರೇನೆಂದು ಯಂತ್ರಕ್ಕೆ ಹೇಳಿಕೊಡುವವರು ಬೇಕು. ಆ ಕೆಲಸಕ್ಕೆ ಗಣಕವಿಜ್ಞಾನದ ವಿದ್ಯಾರ್ಥಿಯಷ್ಟೇ ಕನ್ನಡದ ವಿದ್ಯಾರ್ಥಿಯೂ ಬೇಕು.

ನಿಜವಾಗಿ ನೋಡಿದರೆ ಇಂತಿಂಥ ಅಕ್ಷರವುಳ್ಳ ಪದವನ್ನು ಹುಡುಕುವ ಕೆಲಸ ಕನ್ನಡಕ್ಕೆ ಹೊಸದೇ ಅಲ್ಲ. ಸಾವಿರಕ್ಕೂ ಹೆಚ್ಚು ವರ್ಷ ಕನ್ನಡದ ಕವಿಗಳು ಮಾಡಿದ್ದು ಅದನ್ನೇ. 9ನೆಯ ಶತಮಾನದ ‘ಕವಿರಾಜಮಾರ್ಗ’ ಪ್ರಾಸವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ದ್ವಿತೀಯಾಕ್ಷರ ಪ್ರಾಸವೆಂದರೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಮರಳಿ ಬರಬೇಕು. ಮೊದಲ ಪಾದ ‘ಹಸಿರು’ ಎಂದು ತೊಡಗಿದರೆ ಮುಂದಿನವು ‘ಬಿಸಿಲು’, ‘ಹೆಸರು’, ‘ಮೊಸರು’ ಎಂಬಂತೆ ಸಕಾರವನ್ನೇ ಎರಡನೆಯ ಸ್ಥಾನದಲ್ಲಿ ಹೊರಬೇಕು. ಮೇಲಾಗಿ ಮೊದಲಕ್ಷರ ಲಘುವೋ ಗುರುವೋ ಎಂಬುದೂ ಹೊಂದಬೇಕು, ‘ಮಾಸಲು’ ಅಲ್ಲಿ ಸಲ್ಲದು. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂಬ ಆರು ಪ್ರಾಸಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೆಲ್ಲ ಇದನ್ನು ಬಲ್ಲರು. ಆದರೆ ಅದರ ಹಿಂದಿನ ಶ್ರಮವನ್ನು ಊಹಿಸಿದವರು ಎಷ್ಟು ಮಂದಿ? ನಿಘಂಟು ಕವಿಯ ನೆರವಿಗೆ ಬಾರದು, ಅದು ಇರುವುದು ಮೊದಲಕ್ಷರದ ಕ್ರಮದಲ್ಲಿ. ಇಂಗ್ಲಿಷಿನ ಅಂತ್ಯಪ್ರಾಸಕ್ಕಾಗಿ ಜಾನ್ ವಾಕರ್ 1775ರಲ್ಲೇ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದುಹಿಂದಕ್ಕೆ ಜೋಡಿಸಿ ಕೋಶ ಮಾಡಿಕೊಟ್ಟ. ನಮ್ಮ ಕವಿಗೆ ಅಂಥ ಕೋಶ ತಲೆಯೊಳಗೇ ಇರಬೇಕಿತ್ತು, ಅದೂ ಎರಡನೆಯ ಅಕ್ಷರದ ಕ್ರಮದಲ್ಲಿ.

ಅಕ್ಷರವನ್ನು ಬೇಕೆಂದು ಕೇಳುವಂತೆ ಬೇಡವೆಂದು ಕೇಳುವ ಕಟ್ಟಳೆಯೂ ಉಂಟು. ಅಮೆರಿಕದ ಅರ್ನೆಸ್ಟ್ ವಿನ್ಸೆಂಟ್ ರೈಟ್ 1939ರಲ್ಲಿ ‘ಇ’ ಅಕ್ಷರವೇ ಇಲ್ಲದ ‘ಗ್ಯಾಡ್ಸ್‌ಬಿ’ ಎಂಬ ಕಾದಂಬರಿ ಪ್ರಕಟಿಸಿದ; 50,000ಕ್ಕೂ ಹೆಚ್ಚು ಪದಗಳು. ಅಪ್ಪಿತಪ್ಪಿ ಬೆರಳು ಹೋಗದಿರಲೆಂದು ಬೆರಳಚ್ಚು ಯಂತ್ರದ ಆ ಕೀಲಿಯನ್ನು ಕಟ್ಟಿಹಾಕಿದ್ದನಂತೆ. ದಂಡಿಯ ‘ದಶಕುಮಾರಚರಿತ’ದ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತ ತನ್ನ ಕಥೆಯನ್ನು ಪವರ್ಗವೇ ಮೊದಲಾದ ಓಷ್ಠ್ಯಗಳಿಲ್ಲದೆ ಹೇಳುತ್ತಾನೆ. ಪ್ರಿಯೆಯ ಹಲ್ಲಿನಿಂದ ನೊಂದ ಅವನ ತುಟಿಗಳು ಒಂದಕ್ಕೊಂದು ತಾಗುವಂತಿಲ್ಲ. ಇಬ್ಬರಲ್ಲಿ ಯಾರ ನೆಪ ಚೆಂದವೆಂದು ಓದುಗರೇ ಹೇಳಲಿ. ರೈಟ್ ಬಿಟ್ಟದ್ದು ಕಣ್ಣಿಗೆ ಕಾಣುವ ಗುರುತನ್ನು, ದಂಡಿ ಬಿಟ್ಟದ್ದು ಬಾಯಿ ಮಾಡುವ ಕೆಲಸವನ್ನು. ಎರಡು ಪರಂಪರೆಗಳ ಅಂತರ ಅಲ್ಲಿಯೂ ಇದೆ.

ಪ್ರಾಸದ ಕಟ್ಟನ್ನು ಬಿಚ್ಚಿದವರು ಇದೇ ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈಗಳು. 1911ರಲ್ಲಿ ‘ಹೊಲೆಯನು ಯಾರು?’ ಎಂಬ ಕವಿತೆಯನ್ನು ಅವರು ದ್ವಿತೀಯಾಕ್ಷರ ಪ್ರಾಸವಿಲ್ಲದೆ ಬರೆದಾಗ ಆಕ್ಷೇಪಗಳು ಬಾರದೆ ಇರಲಿಲ್ಲ. ಅವರು ಮಾಡಿದ್ದು ಸರಿ ಎಂಬುದನ್ನು ಆಮೇಲಿನ ನೂರು ವರ್ಷಗಳ ಕಾವ್ಯ ತೋರಿಸಿಕೊಟ್ಟಿದೆ. ಅಕ್ಷರಕ್ಕಾಗಿ ಅರ್ಥವನ್ನು ಎಳೆದಾಡುವ ದುರವಸ್ಥೆ ತಪ್ಪಿತು. ಆದರೆ ಪ್ರಾಸ ಹೋದಾಗ ಅದರ ಜೊತೆಗೆ ಇನ್ನೊಂದು ಅಭ್ಯಾಸವೂ ಸದ್ದಿಲ್ಲದೆ ಹೋಯಿತು: ಪದವನ್ನು ಅರ್ಥದ ಬಾಗಿಲಿನಿಂದಲ್ಲದೆ ಅಕ್ಷರದ ಕಿಟಕಿಯಿಂದ ಇಣುಕಿ ನೋಡುವ ಅಭ್ಯಾಸ. ಪೈಗಳಲ್ಲಿ ಅದು ತುಂಬಿ ತುಳುಕುತ್ತಿತ್ತು, ಆದ್ದರಿಂದ ಬಿಟ್ಟರೂ ನಷ್ಟವಾಗಲಿಲ್ಲ. ಇಂದಿನ ವಿದ್ಯಾರ್ಥಿಯ ಸಂಗತಿ ಬೇರೆ. ಆತ ಬಿಟ್ಟಿದ್ದೇನೂ ಇಲ್ಲ, ಪಡೆದೇ ಇಲ್ಲ.

ಆ ಅಭ್ಯಾಸವನ್ನು ಮರಳಿ ಹಿಡಿಯಲು ಕಾಸರಗೋಡಿನಂಥ ಗಡಿನೆಲಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಇಂಗ್ಲಿಷಿನ ಬರೆಹ ಸತ್ತ ಧ್ವನಿಯ ಗುರುತನ್ನು ಉಳಿಸಿಕೊಂಡಿತು ಎಂದು ಮೇಲೆ ನೋಡಿದೆವು. ಕನ್ನಡದ ಹಾದಿ ಅದಕ್ಕೆ ವಿರುದ್ಧ: ಧ್ವನಿ ಹೋದಾಗ ಅಕ್ಷರವನ್ನೂ ಕಳುಹಿಸಿಕೊಟ್ಟಿತು. ‘ೞ’ಕಾರದ ಕಥೆ ಅದು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವುಳ್ಳ ಶಬ್ದಗಳನ್ನು ಪಟ್ಟಿಮಾಡಿಯೇ ಕೊಟ್ಟ. ೞಕಾರ ಯಾವುದು, ಳಕಾರ ಯಾವುದು ಎಂದು ಜನಕ್ಕೆ ತಿಳಿಯದೆ ಹೋಗುತ್ತಿದ್ದ ಕಾಲ. ಪ್ರಾಸಸ್ಥಾನದಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆಂದು ಅರಿಯಬೇಕಾದ ಕವಿಗೆ ಆ ಪಟ್ಟಿ ಬೇಕಿತ್ತು. ಒಂದು ಗೊತ್ತಾದ ಅಕ್ಷರವನ್ನು ಹೊತ್ತ ಪದಗಳ ಪಟ್ಟಿ! ‘ವರ್ಡ್ ವೇಸ್’ ಪತ್ರಿಕೆಗೆ ಏಳು ಶತಮಾನಗಳ ಮುಂಚಿನ ಮಾತು ಇದು. ಆಟಕ್ಕೆಂದು ಮಾಡಿದ್ದಲ್ಲ ಎಂಬುದೊಂದೇ ವ್ಯತ್ಯಾಸ.

ಇಂದಿನ ಕನ್ನಡದಲ್ಲಿ ‘ಳ’ ಇರುವ ಪದಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದರೆ ಅವು ಒಂದೇ ಕುಟುಂಬದವೆಂದು ಕಾಣುತ್ತದೆ. ಆದರೆ ಪಕ್ಕದಲ್ಲಿ ಮಲಯಾಳದ ಪದವನ್ನು ಬರೆದುಕೊಂಡರೆ ಕುಟುಂಬ ಎರಡಾಗಿ ಒಡೆಯುತ್ತದೆ. ಕೋಳಿ, ಮಳೆ, ಹೊಳೆ, ಬಾಳೆ, ಏಳು ಇವುಗಳಿಗೆ ಅಲ್ಲಿ ಕೋೞಿ, ಮೞ, ಪುೞ, ವಾೞ, ಏೞ್. ನಾಳೆ, ತೋಳು, ಮುಳ್ಳು, ಬೆಳ್ಳಿ, ಎಳ್ಳು ಇವುಗಳಿಗೆ ಅಲ್ಲಿಯೂ ಳಕಾರವೇ. ಹಳಗನ್ನಡದ ಗ್ರಂಥ ತೆರೆಯುವ ಮೊದಲೇ ಕೇಶಿರಾಜನ ಪಟ್ಟಿಯ ಅರ್ಧ ಭಾಗ ಬಸ್‌ ನಿಲ್ದಾಣದ ಫಲಕಗಳಲ್ಲಿ ಸಿಗುತ್ತದೆ. ಕೋಳಿಕ್ಕೋಡು, ಆಲಪ್ಪುಳ ಎಂದು ಕನ್ನಡದಲ್ಲಿ ಬರೆಯುವ ಊರುಗಳಿಗೆ ಇಂಗ್ಲಿಷ್ ಫಲಕದಲ್ಲಿ ‘ಝಡ್’, ‘ಎಚ್’ ಎಂಬ ಎರಡು ಅಕ್ಷರಗಳನ್ನು ಒಟ್ಟಿಗೆ ನಿಲ್ಲಿಸಿರುವುದು ಆ ೞಕಾರಕ್ಕಾಗಿಯೇ. ಕಿವಿಯನ್ನಷ್ಟೇ ನಂಬಿದರೆ ಮಾತ್ರ ಮೋಸಹೋಗಬೇಕಾದೀತು. ಉತ್ತರ ಮಲಬಾರಿನ ಆಡುಮಾತಿನಲ್ಲಿ ಅದು ಎಷ್ಟೋ ಕಡೆ ಯಕಾರಕ್ಕೆ ಜಾರಿ ‘ಕೋಯಿ’ ಎಂದು ಕೇಳಿಸುತ್ತದೆ. ತುಳುವಿನಲ್ಲಿ ಇದೇ ಧ್ವನಿ ರಕಾರವಾಗಿದೆ: ‘ಕೋರಿ’, ‘ಬಾರೆ’. ಕೋರಿರೊಟ್ಟಿ ತಿನ್ನುವವರಾರಿಗೂ ಅದು ೞಕಾರದ ಇನ್ನೊಂದು ಜನ್ಮವೆಂಬ ನೆನಪಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೂ ಏಳು ಎಂಬುದು ತುಳುವಿನಲ್ಲಿ ‘ಏಳ್’ ಆಗಿಯೇ ಉಳಿದಿದೆ. ರಾಯದುರ್ಗ, ಮಡಕಶಿರಾಗಳ ಕನ್ನಡ ವಿದ್ಯಾರ್ಥಿಗೆ ಇದೇ ಪರೀಕ್ಷೆಯನ್ನು ತೆಲುಗು ಒದಗಿಸುತ್ತದೆ. ಅಲ್ಲಿ ಕೋಳಿ ‘ಕೋಡಿ’, ಏಳು ‘ಏಡು’. ತಾಳವಾಡಿಯವನಿಗೆ ತಮಿಳು ೞಕಾರವನ್ನೇ ಇಟ್ಟುಕೊಂಡು ಕಾದಿದೆ.

ಎರಡು ಮೂರು ಭಾಷೆಗಳ ನಡುವೆ ಬೆಳೆದ ಮಕ್ಕಳ ಕನ್ನಡ ‘ಶುದ್ಧ’ವಲ್ಲ ಎಂಬ ಮಾತನ್ನು ಗಡಿಯ ವಿದ್ಯಾರ್ಥಿಗಳು ಆಗಾಗ ಕೇಳಬೇಕಾಗುತ್ತದೆ. ಆ ಮಾತು ಆಡುವವರಿಗೆ ಕೋಳಿಯ ಳಕಾರಕ್ಕೂ ನಾಳೆಯ ಳಕಾರಕ್ಕೂ ಇರುವ ಭೇದವನ್ನು ಗ್ರಂಥ ನೋಡದೆ ಹೇಳಲು ಸಾಧ್ಯವೇ? ಇಲ್ಲಿನ ಹುಡುಗಿಯೊಬ್ಬಳು ಸಂತೆಗೆ ಹೋಗಿಬಂದು ಹೇಳಬಲ್ಲಳು.

ಈ ಬೇಟೆಯಲ್ಲಿ ತಪ್ಪಿಸಿಕೊಳ್ಳುವ ಪದಗಳೂ ಇವೆ, ಸ್ವಾರಸ್ಯವೂ ಅವುಗಳಲ್ಲೇ ಹೆಚ್ಚು. ‘ಕತ್ತೆ’ ಎಂಬಲ್ಲಿ ಳಕಾರದ ಸುಳಿವೇ ಇಲ್ಲ, ಯಾವ ಯಂತ್ರವೂ ಅದನ್ನು ಹೆಕ್ಕಿ ಕೊಡದು. ಆದರೆ ಮಲಯಾಳದಲ್ಲಿ ಅದು ‘ಕೞುತ’. ಹಳಗನ್ನಡದಲ್ಲಿ ‘ಕೞ್ತೆ’ಯಾಗಿದ್ದದ್ದು ತಕಾರದ ಒತ್ತಿನೊಳಗೆ ೞಕಾರವನ್ನು ನುಂಗಿಕೊಂಡಿದೆ. ‘ಹೊತ್ತು’ ಎಂಬುದೂ ಹಾಗೆಯೇ ‘ಪೊೞ್ತು’ ಆಗಿತ್ತು. ಇಂಗ್ಲಿಷಿನ ‘ರೈಟ್’ ಪದದಲ್ಲಿ ಸತ್ತ ಅಕ್ಷರ ಕಣ್ಣೆದುರೇ ಇದೆ. ಕತ್ತೆಯಲ್ಲಿ ಅದು ಮಣ್ಣಿನೊಳಗಿದೆ. ಇನ್ನು ದಿನಕ್ಕೆ ನೂರು ಸಲ ಬಳಸುವ ‘ಹೇಳು’ ಎಂಬ ಪದ. ಇದರ ಳಕಾರ ಯಾವ ಬಗೆಯದು ಎಂದು ನೆರೆಯವರನ್ನು ಕೇಳಿದರೆ ಮಲಯಾಳ ‘ಪರೆಯುಕ’ ಎನ್ನುತ್ತದೆ, ತುಳು ‘ಪಣ್’ ಎನ್ನುತ್ತದೆ, ತೆಲುಗು ‘ಚೆಪ್ಪು’ ಎನ್ನುತ್ತದೆ. ಮೂವರೂ ಬೇರೆಬೇರೆ ಪದಗಳನ್ನು ಹಿಡಿದು ಕೈಚೆಲ್ಲುತ್ತಾರೆ. ಆಗ ಹಳಗನ್ನಡದ ಪುಟವನ್ನೇ ತೆರೆಯಬೇಕು. ಅಲ್ಲಿ ಅದು ‘ಪೇೞ್’.